ಬೀಡಿಕಟ್ಟಿನ ಗುರುತು

ನಮ್ಮ ಕಡೆ ಹಳೆಯ ಮನೆ ಕೆಡವುವಾಗ ಒಂದು ತರ್ಕ ಏಳುವುದುಂಟು. ಮಾಡಿನಿಂದ ಇಳಿಸಿದ ಹೆಂಚನ್ನು ತಿರುಗಿಸಿ ನೋಡಿದರೆ ಬಾಸೆಲ್ ಮಿಶನ್ ಎಂಬ ಹೆಸರು, ಅದರ ಜೊತೆ 1865 ಎಂಬ ಅಂಕೆ. 'ಕಂಡಿರಾ, ನಮ್ಮದು ನೂರೈವತ್ತು ವರ್ಷದ ಮನೆ' ಎಂದು ಮನೆಯವರು ಎದೆಯುಬ್ಬಿಸಿ ಹೇಳುತ್ತಾರೆ. ಹಾಗೆ ಹೇಳಿದವರನ್ನು ತಿದ್ದಲಿಕ್ಕೆ ಹೋಗಿ ನಾನು ಒಂದೆರಡು ಮನೆಗಳ ಸ್ನೇಹ ಕೆಡಿಸಿಕೊಂಡದ್ದೂ ಉಂಟು. 1865 ಎಂಬುದು ಆ ಹೆಂಚು ಸುಟ್ಟ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ಕಾಲದ ಮೇಲೆ ಮಲಬಾರಿನ ಫರೋಕಿನಲ್ಲಿ ತೆರೆದ ಕಾರ್ಖಾನೆಯ ಹೆಂಚಿನಲ್ಲಿಯೂ ಅದೇ 1865 ಇದೆ. ಅಂದರೆ ಅದು ಇಸವಿಯ ವೇಷದಲ್ಲಿರುವ ಒಂದು ಗುರುತು. 'ನಾವು ಮೊದಲಿನವರು' ಎಂದು ಹೇಳಲಿಕ್ಕೆ ಒತ್ತಿದ ಮುದ್ರೆ.

ಹೆಂಚಿನ ಕಾರ್ಖಾನೆ ಕಟ್ಟಿದ ಜಾರ್ಜ್ ಪ್ಲೆಬ್ಸ್ಟ್ ಮಿಶನಿನ ಅಚ್ಚುಕೂಟದಲ್ಲಿ ಕೆಲಸ ಮಾಡಿದ್ದವನು. ಕಾಗದಕ್ಕೆ ಅಕ್ಷರ ಒತ್ತುವವನಿಗೆ ಹಸಿ ಆವೆಮಣ್ಣಿಗೆ ಅಕ್ಷರ ಒತ್ತುವುದು ಹೊಸ ಯೋಚನೆ ಆಗಿರಲಾರದು. ಮೂರೇ ವರ್ಷದಲ್ಲಿ, 1868ರಲ್ಲಿ, ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಂದಾದ ಮೇಲೊಂದು ಚಿಮಣಿ ಎದ್ದಿತು. ಎಲ್ಲರದ್ದೂ ಒಂದೇ ಹೊಳೆಯ ಮಣ್ಣು, ಒಂದೇ ಕೆಂಪು, ಹೆಚ್ಚುಕಡಿಮೆ ಒಂದೇ ಅಳತೆ. ಬೇರೆ ಬೇರೆ ಎಂದು ಗೊತ್ತಾಗಬೇಕಾದರೆ ಅಚ್ಚಿನಲ್ಲಿ ಒತ್ತಿದ ಹೆಸರೇ ಗತಿ. ಮೊದಲ ಮಹಾಯುದ್ಧದ ತರುವಾಯ ಬಾಸೆಲ್ ಮಿಶನಿನ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದಾಗ ಹೆಂಚಿನ ಮೇಲಿನ ಹೆಸರು ಕೂಡ ಬದಲಾಯಿತು. ಮಣ್ಣು ತುಳಿದವರು, ಹೆಂಚು ಹೊತ್ತವರು ಅವರೇ.

ಹೆಂಚಿನ ಮಾತು ಎತ್ತಿದ್ದು ಬೀಡಿಯ ಮಾತಿಗೆ ಬರಲಿಕ್ಕೆ. ವ್ಯಾಪಾರಕ್ಕೆ ಒಂದು ಒಳ್ಳೆಯ ಗುರುತು, ಈಗಿನವರ ಬಾಯಲ್ಲಿ ಲೋಗೋ, ಹೇಗಿರಬೇಕು ಎಂಬುದನ್ನು ನಮ್ಮ ಸೀಮೆಯಲ್ಲಿ ಯಾರಾದರೂ ಕಲಿಸಿದ್ದರೆ ಅದು ಬೀಡಿಯ ಚೀಟಿ. ಆ ಗುರುತು ಕೊನೆಗೆ ಯಾರದ್ದು ಎಂಬ ಪಾಠ ಕಲಿಸಿದ್ದೂ ಅದೇ. ಮೊದಲನೆಯದನ್ನು ನಾವು ಬೇಗ ಕಲಿತೆವು. ಎರಡನೆಯದಕ್ಕೆ 1968ರ ವರೆಗೆ ಕಾಯಬೇಕಾಯಿತು.

ಬೀಡಿಯ ಎಲೆ ನಮ್ಮಲ್ಲಿ ಆಗುವುದಲ್ಲ. ಮಧ್ಯಪ್ರದೇಶ, ಒಡಿಶಾ ಕಡೆಯ ಕಾಡಿನಿಂದ ಮೂಟೆಯಲ್ಲಿ ಬರಬೇಕು. ಹೊಗೆಸೊಪ್ಪು ನಿಪ್ಪಾಣಿಯಿಂದಲೋ ಗುಜರಾತಿನಿಂದಲೋ ಬರಬೇಕು. ಎಲೆಯೂ ಇಲ್ಲದ, ಸೊಪ್ಪೂ ಇಲ್ಲದ ಮಂಗಳೂರು ದೇಶಕ್ಕೆಲ್ಲ ಬೀಡಿ ಕಳಿಸುವ ಪೇಟೆಯಾದದ್ದು ಎರಡರ ಬಲದಿಂದ: ಮಂಜೇಶ್ವರದಿಂದ ಕಣ್ಣೂರಿನ ತನಕ, ಆಚೆ ಬಂಟ್ವಾಳ, ಬೆಳ್ತಂಗಡಿಯ ತನಕ ಇದ್ದ ಚುರುಕು ಬೆರಳುಗಳು ಒಂದು. ಕಟ್ಟಿನ ಮೇಲೆ ಸುತ್ತಿದ ಅಂಗೈಯಗಲದ ಚೀಟಿ ಇನ್ನೊಂದು.

ಆ ಚೀಟಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಹಿಂದಿನ ಕಾಲದಲ್ಲಿ ಹೆಚ್ಚಾಗಿ 25 ಬೀಡಿಯ ಕಟ್ಟು. ಬೀಡಿಯೇ ಒಂದು ಕಡೆ ಸಪೂರ, ಒಂದು ಕಡೆ ದಪ್ಪ. ಕಟ್ಟು ಕೂಡ ಹಾಗೆಯೇ, ಚಪ್ಪಟೆಯಾದ ಮುಖವೇ ಇಲ್ಲ. ಎತ್ತ ಹಿಡಿದರೂ ಚೀಟಿಯ ಮೂರನೇ ಒಂದು ಭಾಗ ಕಂಡೀತು ಅಷ್ಟೆ. ಕಾಗದ ತೆಳ್ಳಗೆ, ಅಗ್ಗದ್ದು. ಅಂಗಡಿ ಎಂದರೆ ಗೂಡಂಗಡಿ, ಸಂಜೆಗೆ ಚಿಮಿಣಿ ದೀಪದ ಬೆಳಕು. ಕೊಳ್ಳುವವನು ಹೊಲದಿಂದಲೋ ದೋಣಿಯಿಂದಲೋ ಬಂದವನು, ಎರಡು ಗಳಿಗೆ ನಿಂತು ಓದುವ ಸಾವಧಾನ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆಯದು. ಕಾಸರಗೋಡನ್ನು ನಾವು ಸಪ್ತಭಾಷಾ ಸಂಗಮಭೂಮಿ ಎಂದು ಸಭೆಗಳಲ್ಲಿ ಹೊಗಳಿಕೊಳ್ಳುತ್ತೇವೆ. ಬೀಡಿ ಮಾರುವವನಿಗೆ ಅದು ಹೊಗಳಿಕೆಯ ಮಾತಲ್ಲ, ತಲೆನೋವು. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಟಿ, ಉರ್ದು ಆಡುವವರಿಗೆಲ್ಲ ಒಂದೇ ಚೀಟಿ ಅರ್ಥವಾಗಬೇಕು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಯಾವ ಲಿಪಿಯೂ ಬಾರದ ಕಾಲ ಅದು.

ಇಷ್ಟೆಲ್ಲ ತೊಡಕಿಗೆ ಬೀಡಿಯವರು ಹುಡುಕಿದ ಉಪಾಯ ಬಹಳ ಸರಳ. ಒಂದು ಚಿತ್ರ, ಒಂದು ನಂಬರು, ಒಂದು ಬಣ್ಣ. ಮಂಗಳೂರು ಗಣೇಶ ಬೀಡಿ ಎಂದರೆ ಗಣಪತಿ ಮತ್ತು 501. 'ಐನೂರೊಂದು ಒಂದು ಕಟ್ಟು' ಎಂದರೆ ಮುಗಿಯಿತು. ಮಲಯಾಳದವ 'ಅಞ್ಞೂಟ್ಟೊನ್ನ್' ಎಂದು ಕೇಳಿದರೂ ಅಂಗಡಿಯವನ ಕೈ ಅದೇ ಕಟ್ಟಿಗೆ ಹೋಗುತ್ತದೆ. ನಂಬರಿಗೆ ಅನುವಾದ ಬೇಡ, ಜಾತಿ ಧರ್ಮ ಬೇಡ, ಕಾಗುಣಿತ ತಪ್ಪುವ ಭಯ ಇಲ್ಲ. ಒಂದು ಗುರುತಿನ ಮೊದಲ ಪರೀಕ್ಷೆ ಅದನ್ನು ಬಾಯಲ್ಲಿ ಹೇಳಿ ಕೇಳಲಿಕ್ಕೆ ಆಗುತ್ತದೋ ಎಂಬುದು. ಕಣ್ಣಿಗೆ ಚಂದ ಕಾಣುವ ಪರೀಕ್ಷೆ ಆಮೇಲಿನದು. ಇದನ್ನು ಯಾವ ಚಿತ್ರಕಲಾ ಶಾಲೆಯೂ ಅವರಿಗೆ ಹೇಳಿಕೊಟ್ಟದ್ದಲ್ಲ.

ಚೀಟಿ ಹರಿದು ಎಸೆದ ಮೇಲೂ ಉಳಿಯುವ ಇನ್ನೊಂದು ಗುರುತುಂಟು, ದಾರ. ಪ್ರತಿ ಬೀಡಿಯ ಬಾಯಿಗೆ ಸುತ್ತುವ ನೂಲಿನ ಬಣ್ಣ ಒಂದೊಂದು ಮಾರ್ಕಿಗೆ ಒಂದೊಂದು. ಕಟ್ಟು ಕೊಳ್ಳುವ ದುಡ್ಡಿಲ್ಲದೆ ಎರಡೋ ಮೂರೋ ಬಿಡಿ ಬೀಡಿ ಕೊಳ್ಳುವವನಿಗೆ ಚೀಟಿ ಕಾಣಲಿಕ್ಕೆ ಸಿಗುವುದೇ ಇಲ್ಲ. ಅವನು ನೋಡುವುದು ದಾರ. ಒಂದು ಗೇಣು ನೂಲಿನಲ್ಲಿ ತಮ್ಮ ಹೆಸರು ಕಟ್ಟಿದವರ ಬುದ್ಧಿಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಗುರುತು ಗೆದ್ದಿತು ಎಂದಾದರೆ ಅದರ ಹಿಂದೆಯೇ ನಕಲೂ ಬರುತ್ತದೆ. ಎಷ್ಟೋ ಬೀಡಿಗಳ ಚೀಟಿಯಲ್ಲಿ ಮಾಲಕರ ಫೋಟೋ ಅಚ್ಚಾಗುತ್ತಿದ್ದದ್ದು ಅವರ ಅಂದಚಂದ ತೋರಿಸಲಿಕ್ಕಲ್ಲ. ದೇವರ ಚಿತ್ರ ಯಾರೂ ಹಾಕಿಕೊಳ್ಳಬಹುದು, ಮುಖ ಕದಿಯುವುದು ಸ್ವಲ್ಪ ಕಷ್ಟ, ಅದಕ್ಕೆ. ನಮ್ಮ ದೇಶದಲ್ಲಿ ಗುರುತನ್ನು ನೋಂದಣಿ ಮಾಡಿಸುವ ಕಾನೂನು ಬಂದದ್ದು 1940ರಲ್ಲಿ. ಅದಕ್ಕೆ ಮೊದಲು 1889ರ ಒಂದು ಕಾಯಿದೆ ಸುಳ್ಳು ಮುದ್ರೆ ಹಾಕಿದವರಿಗೆ ಶಿಕ್ಷೆ ಹೇಳುತ್ತಿತ್ತೇ ಹೊರತು ಗುರುತು ಇಂಥವರದ್ದು ಎಂದು ದಾಖಲೆ ಮಾಡಲಿಕ್ಕೆ ಒಂದು ಪುಸ್ತಕ ಇರಲಿಲ್ಲ. ವ್ಯಾಪಾರಿಗಳು ಪೇಪರಿನಲ್ಲಿ ಎಚ್ಚರಿಕೆಯ ಜಾಹೀರಾತು ಕೊಟ್ಟು ಸುಮ್ಮನಿರಬೇಕಿತ್ತು. ಗಣೇಶ ಬೀಡಿಯ ಪಾಲುದಾರಿಕೆ ಹುಟ್ಟಿದ್ದೂ ಸುಮಾರು ಆ ಕಾಲದಲ್ಲಿಯೇ.

ನಕಲು ಎಂದರೆ ಏನು ಎಂಬುದನ್ನು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು ಮೈಸೂರಿನ ಒಂದು ಬಿಸ್ಕತ್ತಿನ ಕೇಸಿನಲ್ಲಿ, 1972ರಲ್ಲಿ. ಪಾರ್ಲೆಯವರ ಗ್ಲುಕೋ ಬಿಸ್ಕತ್ತಿನ ಕಾಗದದಲ್ಲಿ ಒಂದು ಹುಡುಗಿ, ಸುತ್ತ ದನ, ಕೋಳಿ. ಮೈಸೂರಿನ ಜೆ.ಪಿ. ಅಂಡ್ ಕಂಪನಿಯವರ ಕಾಗದದಲ್ಲಿಯೂ ಹುಡುಗಿ, ದನ, ಕೋಳಿ. ಒಬ್ಬಳ ಹತ್ತಿರ ನೀರಿನ ಪಾತ್ರೆ, ಇನ್ನೊಬ್ಬಳ ಹತ್ತಿರ ಹುಲ್ಲಿನ ಕಟ್ಟು. ಕೆಳಗಿನ ಕೋರ್ಟು ಮತ್ತು ಹೈಕೋರ್ಟು ವ್ಯತ್ಯಾಸಗಳನ್ನು ಲೆಕ್ಕ ಹಾಕಿ ಪಾರ್ಲೆಯವರಿಗೆ ಇಲ್ಲ ಎಂದವು. ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿಯಿತು. ಅಂಗಡಿಗೆ ಹೋಗುವವನು ಎರಡು ಪೊಟ್ಟಣವನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುವುದಿಲ್ಲ. ಮನಸ್ಸಿನಲ್ಲಿ ಉಳಿದ ಒಟ್ಟು ರೂಪವನ್ನು ಇಟ್ಟುಕೊಂಡು ಹೋಗುತ್ತಾನೆ. ಆ ರೂಪಕ್ಕೆ ಮೋಸವಾಗುವಷ್ಟು ಹೋಲಿಕೆ ಇದ್ದರೆ ಸಾಕು, ಅದು ನಕಲು. ಪಾರ್ಲೆ ಗೆದ್ದಿತು. ವಕೀಲರಿಗೆ ಇದು ಕಾನೂನಿನ ತೀರ್ಪು. ಗುರುತು ಬಿಡಿಸಲು ಕುಳಿತವರು ಕೂಡ ಓದಬೇಕಾದ ತೀರ್ಪು ಎಂದು ನನ್ನ ಅಭಿಪ್ರಾಯ. ಮನಸ್ಸಿನಲ್ಲಿ ಉಳಿಯುವುದು ಒಟ್ಟು ರೂಪ ಎಂದಾದರೆ ಚಿತ್ರದೊಳಗೆ ಎಷ್ಟು ತುಂಬಿಸಿದರೂ ಪ್ರಯೋಜನ ಇಲ್ಲ.

ಇದನ್ನು ಬರೆಯುವಾಗ ನೆನಪಾಗುವುದು ಕಳೆದ ವರ್ಷದ ಒಂದು ಸಂಗತಿ. ನಮ್ಮ ವಾಚನಾಲಯದ ಹಿಂಬದಿಯ ಮನೆಯಲ್ಲಿ ಐದು ಮಂದಿ ಹೆಂಗಸರು ಸೇರಿ ಉಪ್ಪಿನಕಾಯಿ, ಹಪ್ಪಳ ಮಾಡುತ್ತಾರೆ. 'ಮಾಷ್ಟ್ರೇ, ಒಂದು ಲೋಗೋ ಮಾಡಿಸಿದ್ದೇವೆ, ಸ್ವಲ್ಪ ನೋಡಿ ಹೇಳಿ' ಎಂದು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದನ್ನು ತಂದರು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ವೃತ್ತದೊಳಗೆ ತೆಂಗಿನ ಮರ, ಬೇಕಲ ಕೋಟೆ, ಸಮುದ್ರ, ಸೂರ್ಯೋದಯ, ಮಾವಿನ ಮಿಡಿ, ಎರಡು ಕೈ, ಮೂರು ಭಾಷೆಯ ಅಕ್ಷರ. ಸಮುದ್ರ ನಮಗೆ ಪಡುವಣಕ್ಕೆ ಇರುವಾಗ ಸೂರ್ಯ ಅಲ್ಲಿ ಹುಟ್ಟುವುದು ಹೇಗೆ ಎಂದು ನಾನು ಕೇಳಲಿಲ್ಲ. 'ಅಕ್ಕಾ, ಅಂಗಡಿಗೆ ಹೋದವರು ಇದನ್ನು ಎಂತ ಹೇಳಿ ಕೇಳಬೇಕು?' ಎಂದು ಮಾತ್ರ ಕೇಳಿದೆ. ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಿಡಿ ಒಂದು ಉಳಿಯಿತು, ಉಳಿದದ್ದೆಲ್ಲ ಹೋಯಿತು. ಅವರನ್ನು ಇನ್ನೊಮ್ಮೆ ಕರೆಯಬೇಕಾಗುತ್ತದೆ, ಸದ್ಯಕ್ಕೆ ಅಲ್ಲಿ ಕುಳಿತಿರಲಿ.

ಇಷ್ಟು ಹೊತ್ತು ಹೇಳಿದ್ದು ಚೀಟಿಯ ಜಾಣತನ. ಆ ಚೀಟಿಯನ್ನು ಬೀಡಿ ಕಟ್ಟಿದವರು ನೋಡುತ್ತಲೇ ಇರಲಿಲ್ಲ ಎಂದರೆ ನಂಬುತ್ತೀರಾ? ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಅಮ್ಮ ಬ್ರಾಂಚಿನಿಂದ ಎಲೆ, ಹುಡಿ, ನೂಲು ತರುತ್ತಿದ್ದರು. ರಾತ್ರಿ ಎಲೆ ನೀರು ಹಾಕಿ ಇಡುವುದು, ಬೆಳಿಗ್ಗೆ ಕತ್ತರಿಸುವುದು, ಮಧ್ಯಾಹ್ನ ಚಾವಡಿಯಲ್ಲಿ ತಡ್ಪೆ ತೊಡೆಯ ಮೇಲೆ ಇಟ್ಟುಕೊಂಡು ಸುರುಳಿ ಸುತ್ತುವುದು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಬ್ರಾಂಚಿನಲ್ಲಿ ಲೆಕ್ಕ ಹಾಕಿ, ಸರಿ ಇಲ್ಲದ್ದನ್ನು ಬದಿಗೆ ಹಾಕಿ, ಪುಸ್ತಕದಲ್ಲಿ ಬರೆದು ಕೊಡುವರು. ಅಲ್ಲಿಂದ ಮುಂದೆ ಬೀಡಿ ಕಂಪನಿಗೆ ಹೋಗಿ, ಕಾವಿನಲ್ಲಿ ಒಣಗಿ, ಅಲ್ಲಿ ಚೀಟಿ ಅಂಟಿಸಿಕೊಂಡು ಹೊರಗೆ ಬರುತ್ತದೆ. ತಾನೇ ಕಟ್ಟಿದ ಬೀಡಿಯ ಮೇಲೆ ಎಂಥ ಚಿತ್ರ ಇದೆ ಎಂದು ಅಮ್ಮ ನೋಡಬೇಕಾದರೆ ಅಂಗಡಿಗೆ ಹೋಗಬೇಕಿತ್ತು. ಯಾವ ಮನೆಯಲ್ಲಿ, ಯಾವ ಊರಿನಲ್ಲಿ ಕಟ್ಟಿದರೂ ಚೀಟಿ ಒಂದೇ. ಕಂಪನಿಯ ಬಲ ಇರುವುದು ಅದರಲ್ಲಿಯೇ.

ಆ ಬಲ ಎಷ್ಟು ಎಂದು ತಿಳಿದದ್ದು 1968ರಲ್ಲಿ. ಆಗ ಕಾಸರಗೋಡು ಜಿಲ್ಲೆ ಇರಲಿಲ್ಲ. ರಾಜ್ಯ ವಿಂಗಡಣೆಯಾದ 1956ರ ವರೆಗೆ ದಕ್ಷಿಣ ಕನ್ನಡದಲ್ಲಿದ್ದವರು ನಾವು, ಅಲ್ಲಿಂದ ಕೇರಳಕ್ಕೆ ಸೇರಿ 1984ರ ಮೇ ವರೆಗೆ ಕಣ್ಣೂರು ಜಿಲ್ಲೆಯ ಲೆಕ್ಕ. ಕಣ್ಣೂರಿನಲ್ಲಿ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳಿಗೆ ಸಾವಿರಗಟ್ಟಲೆ ಜನ ದುಡಿಯುತ್ತಿದ್ದರು. ಸಾಲಾಗಿ ಕೂತು ಬೀಡಿ ಸುತ್ತುವಾಗ ಒಬ್ಬ ಗಟ್ಟಿಯಾಗಿ ಪೇಪರು ಓದುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಅಲ್ಲಿನ ಪದ್ಧತಿ. ವಾಚನಾಲಯದವರಾದ ನಮಗೆ ಇದು ಹತ್ತಿರದ ವಿಷಯ. ಎಷ್ಟೋ ಜನ ಅಕ್ಷರ ಬಾರದೆಯೇ ಪ್ರಪಂಚದ ಸುದ್ದಿ ತಿಳಿದದ್ದು ಹಾಗೆ.

1966ರಲ್ಲಿ ಕೇಂದ್ರ ಸರಕಾರ ಬೀಡಿ ಮತ್ತು ಚುರುಟು ಕೆಲಸಗಾರರ ಕಾಯಿದೆ ತಂದಿತು. ಕೆಲಸದ ಹೊತ್ತು, ರಜೆ, ಕೆಲಸದ ಜಾಗದ ಸೌಕರ್ಯ ಎಲ್ಲವೂ ಅದರಲ್ಲಿತ್ತು. ಅದನ್ನು ಜಾರಿಗೆ ತರಲು ಮೊದಲು ಹೊರಟದ್ದು ಕೇರಳದ ಇ.ಎಂ.ಎಸ್. ಸರಕಾರ. ಖರ್ಚು ಕಟ್ಟುವುದಿಲ್ಲ ಎಂದು ಗಣೇಶ ಬೀಡಿ, ಭಾರತ್ ಬೀಡಿ ಕಂಪನಿಗಳು 1968ರ ಅಕ್ಟೋಬರಿನಲ್ಲಿ ಕೇರಳದ ಕೆಲಸ ನಿಲ್ಲಿಸಿದವು. ಹನ್ನೆರಡು ಸಾವಿರದಷ್ಟು ಜನಕ್ಕೆ ಕೆಲಸ ಇಲ್ಲದಾಯಿತು. ಕಾಯಿದೆಯ ವಿರುದ್ಧ ಕಂಪನಿಗಳು ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆ ಸರಿ ಎಂದಿತು. ಆದರೆ ಒಲೆ ಆರಿದ ಮನೆ ಆರು ವರ್ಷ ಕಾಯಲಾರದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಪನಿ ಗಡಿ ದಾಟಿ ಹೋದಾಗ ತೆಗೆದುಕೊಂಡು ಹೋದದ್ದಾದರೂ ಏನು? ಬೀಡಿ ಕಟ್ಟಲಿಕ್ಕೆ ಯಂತ್ರ ಇಲ್ಲ. ಕತ್ತರಿ, ತಡ್ಪೆ ಕೆಲಸದವರದ್ದೇ. ವಿದ್ಯೆ ಬೆರಳಲ್ಲಿ ಉಂಟು. ಎಲೆ, ಹುಡಿ ಪೇಟೆಯಲ್ಲಿ ದುಡ್ಡಿಗೆ ಸಿಗುತ್ತದೆ. ಕಂಪನಿ ತೆಗೆದುಕೊಂಡು ಹೋದದ್ದು ಆ ಒಂದು ಚೀಟಿ. ಅದೇ ಕೈ, ಅದೇ ಎಲೆ, ಅದೇ ಹದ ಇದ್ದರೂ ಚೀಟಿ ಇಲ್ಲದ ಬೀಡಿಯನ್ನು ಸೇದುವವನು ಮುಟ್ಟುವುದಿಲ್ಲ. ಅಷ್ಟು ವರ್ಷ ಒಳ್ಳೆಯ ಬೀಡಿ ಕಟ್ಟಿ ಆ ಗಣಪತಿಗೆ ಹೆಸರು ತಂದವರು ತಾವು ಎಂದು ಹೇಳಿಕೊಂಡರೆ ಯಾವ ಅಂಗಡಿಯವ ಕೇಳುತ್ತಾನೆ?

1969ರ ಫೆಬ್ರವರಿ 15ರಂದು ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರಿ ಸಂಘ ಶುರುವಾಯಿತು. ಬಂಡವಾಳಕ್ಕೆ ಸರಕಾರದ ಸಾಲ ಸಿಕ್ಕಿತು. ಕೈಕೆಲಸ ಮೊದಲೇ ಇತ್ತು. ಇಲ್ಲದ್ದು ಹೆಸರು. ದಿನೇಶ ಎಂದರೆ ಸೂರ್ಯ, ಗಣೇಶನಿಗೆ ಪ್ರಾಸವೂ ಹೌದು. ಬೇಕೆಂದೇ ಇಟ್ಟ ಪ್ರಾಸವೋ ಅಲ್ಲವೋ, ಅಂಗಡಿಯ ಮುಂದೆ ನಿಂತವನ ಕಿವಿಗೆ ಅದು ಹಾಗೆ ಕೇಳುತ್ತಿತ್ತು ಎಂಬುದಂತೂ ನಿಜ. ಆದರೆ ಕಿವಿಗೆ ಹಿತವಾದ ಮಾತ್ರಕ್ಕೆ ಬೀಡಿ ಖರ್ಚಾಗುವುದಿಲ್ಲ. ಸೇದುವವನ ನಾಲಿಗೆ ಹಳೆಯ ಮಾರ್ಕಿಗೆ ಒಗ್ಗಿದೆ. ಯೂನಿಯನಿನವರು ಅಂಗಡಿ ಅಂಗಡಿಗೆ ಹೋಗಿ, ಸಭೆಗಳಲ್ಲಿ ಹೇಳಿ, ಜನರ ಕೈಗೆ ಅದನ್ನು ಮುಟ್ಟಿಸಬೇಕಾಯಿತು. ಚೀಟಿಗೆ ಬೆಲೆ ಬರುವುದು ಅಚ್ಚಿನಮನೆಯಲ್ಲಲ್ಲ ಎಂದು ಅವರಷ್ಟು ಕಷ್ಟಪಟ್ಟು ತಿಳಿದವರು ಕಡಿಮೆ. ನಿಧಾನಕ್ಕೆ ದಿನೇಶ್ ಬೀಡಿ ಹಿಡಿಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬೆಳೆದು 30,000ಕ್ಕೂ ಹೆಚ್ಚು ಕೆಲಸಗಾರರ ಸಂಘವಾಯಿತು. ಬೀಡಿಗೆ ಕೂಲಿ, ಪಿ.ಎಫ್., ಬೋನಸ್, ನಿವೃತ್ತಿವೇತನ ಎಂಬ ಮಾತು ಸಹಜವಾದದ್ದು ಅಲ್ಲಿ. ಥಾಮಸ್ ಐಸಾಕ್, ರಿಚರ್ಡ್ ಫ್ರಾಂಕಿ, ಪ್ಯಾರೇಲಾಲ್ ರಾಘವನ್ ಎಂಬ ಮೂವರು ಈ ಸಂಘದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಬೀಡಿ ಸೇದುವುದು ಕಮ್ಮಿಯಾದಾಗ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಸಂಘ ಅದೇ ದಿನೇಶ್ ಹೆಸರಿನಲ್ಲಿ ತೆಂಗಿನ ಹಾಲು, ಮಸಾಲೆ ಹುಡಿ, ಕೊಡೆ ಮಾಡಲಿಕ್ಕೆ ಹೊರಟಿತು. ಬೀಡಿಯ ಹೆಸರಿನಲ್ಲಿ ಅಡುಗೆಮನೆಯ ಸಾಮಾನೇ ಎಂದು ಮೂಗು ಮುರಿದವರೂ ಇದ್ದಿರಬಹುದು. ಆದರೆ ಹೆಸರು ತಮ್ಮದೇ ಆಗಿತ್ತು. ಬೇರೆ ಕಡೆ ಕೊಂಡುಹೋಗುವ ಸ್ವಾತಂತ್ರ್ಯವೂ ತಮ್ಮದೇ.

ಆಚೆ ಮಂಗಳೂರಿನಲ್ಲಿ ಗಣೇಶ ಬೀಡಿಯ ಪಾಲುದಾರರಲ್ಲಿ ಒಡಕು ಬಂದು ಸಂಸ್ಥೆ ವಿಸರ್ಜನೆಯಾಯಿತು. ಹೈಕೋರ್ಟಿನ ಆದೇಶದಂತೆ ನಡೆಯುತ್ತಿದ್ದ ವ್ಯಾಪಾರವನ್ನೇ ಪಾಲುದಾರರ ನಡುವೆ ಏಲಂ ಹಾಕಲಾಯಿತು. 1994ರಲ್ಲಿ ಮೂವರು ಪಾಲುದಾರರ ಒಂದು ಕೂಟ 92 ಕೋಟಿ ರೂಪಾಯಿಗೆ ಅದನ್ನು ಹಿಡಿಯಿತು. ಅದರಲ್ಲಿ ಗುರುತು, ಚೀಟಿಯ ಹಕ್ಕು, ಹದದ ತಿಳಿವಳಿಕೆಗೆ ಸಂದ ಬೆಲೆಗೆ ತೆರಿಗೆಯಲ್ಲಿ ರಿಯಾಯಿತಿ ಉಂಟೋ ಇಲ್ಲವೋ ಎಂದು ಇಲಾಖೆಯೊಡನೆ ವ್ಯಾಜ್ಯ ನಡೆದು ಸುಪ್ರೀಂ ಕೋರ್ಟಿನ ತನಕ ಹೋಯಿತು. 2015ರ ಅಕ್ಟೋಬರಿನಲ್ಲಿ ತೀರ್ಪು ಬಂತು: ವ್ಯಾಪಾರದ ಗುರುತು ಕೂಡ ಯಂತ್ರೋಪಕರಣದಂತೆಯೇ ವ್ಯಾಪಾರ ನಡೆಸುವ ಸಾಧನ, ಅದಕ್ಕೆ ಸವಕಳಿ ಲೆಕ್ಕ ಹಿಡಿಯಬಹುದು. ಇದನ್ನು ಪೇಪರಿನಲ್ಲಿ ಓದಿ ನಾನು ಅಮ್ಮನಿಗೆ ಹೇಳಿದೆ. ಅವರು 92 ಕೋಟಿಯ ಬಗ್ಗೆ ಕೇಳಲಿಲ್ಲ. 'ಬೆರಳಿಗೂ ಸವಕಳಿ ಉಂಟಾ?' ಎಂದು ಕೇಳಿದರು.

ಬೀಡಿಯ ಚೀಟಿ ಈಗ ಚೀಟಿಯಾಗಿ ಉಳಿದಿಲ್ಲ. 2009ರಲ್ಲಿ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು, 2016ರ ಏಪ್ರಿಲಿನಿಂದ ಪೊಟ್ಟಣದ ಶೇಕಡಾ 85 ಭಾಗ ಅದಕ್ಕೇ ಮೀಸಲು. ರೋಗದ ಆ ಚಿತ್ರವೂ ಒಂದು ಗುರುತೇ, ಓದುಬಾರದವರಿಗೂ ತಿಳಿಯುವಂಥದ್ದು. ಬೀಡಿಯವರ ಉಪಾಯವನ್ನೇ ಸರಕಾರ ಬೀಡಿಯ ಮೇಲೆ ಪ್ರಯೋಗಿಸಿದೆ ಎನ್ನಬಹುದು. ಅದರ ಬಗ್ಗೆ ನನಗೆ ದುಃಖ ಇಲ್ಲ. ಹುಡಿಯ ಘಾಟಿಗೆ ಕೆಮ್ಮಿದ ಮನೆಯಲ್ಲಿ ಬೆಳೆದವನು ನಾನು.

ಮಾರಲಿಕ್ಕೆ ಬಾರದ ಗುರುತು ಒಂದು ನಮ್ಮ ಜಿಲ್ಲೆಯಲ್ಲಿಯೇ ಉಂಟು, ಕಾಸರಗೋಡು ಸೀರೆಯದು. 1938ರಲ್ಲಿ ಹುಟ್ಟಿದ ನೇಕಾರರ ಸಹಕಾರಿ ಸಂಘ ನೇಯಿಸಿಕೊಂಡು ಬಂದ ಈ ಹತ್ತಿ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. 1999ರ ಆ ಕಾನೂನಿನ ಪ್ರಕಾರ ಇಂಥ ಗುರುತನ್ನು ಯಾರೂ ಇನ್ನೊಬ್ಬರಿಗೆ ಮಾರುವಂತಿಲ್ಲ, ಬರೆದುಕೊಡುವಂತಿಲ್ಲ, ಅಡವು ಇಡುವಂತಿಲ್ಲ. 92 ಕೋಟಿಗಲ್ಲ, ಎಷ್ಟು ಕೊಟ್ಟರೂ ಇಲ್ಲ. ನೇಯುವ ಕೈಗಳು ಕಡಿಮೆಯಾದರೆ ಕಾನೂನಿನಿಂದ ಏನು ಮಾಡಲಿಕ್ಕಾಗುತ್ತದೆ ಎಂಬುದು ಬೇರೆ ಮಾತು. ಗುರುತು ಮಾತ್ರ ಊರು ಬಿಟ್ಟು ಹೋಗದು.

ಉಪ್ಪಿನಕಾಯಿಯ ಅಕ್ಕಂದಿರಿಗೆ ಆ ದಿನ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೆ. ಮಿಡಿಯ ಚಿತ್ರ ಯಾರ ಹೆಸರಿನಲ್ಲಿ ನೋಂದಣಿ ಮಾಡಿಸುತ್ತೀರಿ? 'ಅದು ಕಂಪ್ಯೂಟರಿನ ಅಂಗಡಿಯವನೇ ಅವನ ಹೆಸರಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾನೆ ಮಾಷ್ಟ್ರೇ, ನಮಗೆ ಆ ಕಾಗದಪತ್ರ ಎಲ್ಲ ಅರ್ಥ ಆಗುದಿಲ್ಲ' ಎಂದರು ಹಿರಿಯಕ್ಕ. ನಾನು 1968ರ ಕಥೆಯನ್ನು ಅವರಿಗೆ ಹೇಳಿದೆ. ಐವರಲ್ಲಿ ಇಬ್ಬರು ಬೀಡಿ ಕಟ್ಟಿದವರೇ, ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ. ಮರುದಿನ ಅವರು ಅಂಗಡಿಗೆ ಹೋಗಿ ಚಿತ್ರದ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು, ಚಿತ್ರದ ಹಕ್ಕನ್ನೆಲ್ಲ ಐವರಿಗೂ ಬಿಟ್ಟುಕೊಟ್ಟಿದ್ದೇನೆ ಎಂದು ಅವನಿಂದ ಒಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡು ಬಂದರು. ನೋಂದಣಿಯ ಅರ್ಜಿ ಐದು ಹೆಸರಿನಲ್ಲಿ ಹೋಗಿದೆ.